ತಳ ಹತ್ತದ ಹಂಡೆ

ಬುಡನಸಾಬನ ನಲವತ್ತರ ಫಾತಿಹಾದ ದಿನ, ಗಂಡಸರೆಲ್ಲ ಖಬರಸ್ತಾನಕ್ಕೆ ಹೋಗಿದ್ದ ಹೊತ್ತು ನೋಡಿ, ಮಡಿವಾಳೆಪ್ಪ ಗೌಡರ ಮಗ ಈರಪ್ಪ ಹಿತ್ತಲ ಗೋಡೆ ಹಾರಿ ಬಂದ. ಬೆಳಗಿನಿಂದ ಬೇಯುತ್ತಿದ್ದ ಹಂಡೆಯ ಮುಚ್ಚಳ ಎತ್ತಿ, ಒಳಗೆ ಒಂದು ಬಾಟಲಿ ಚಿಮಣಿ ಎಣ್ಣೆ ಸುರಿದು ಹೋದ. ಹಂಡೆಯೊಳಗೆ ದನದ ಮಾಂಸವಿತ್ತು.

ಅಂದು ಬೆಳಕು ಹರಿಯುವ ಮುಂಚೆಯೇ ಮರಿಯಮಬಿ ಎದ್ದಿದ್ದಳು. ಗಂಡ ಸತ್ತು ನಲವತ್ತು ದಿನ. ಇದ್ದತ್ತು ಹಿಡಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಆದರೆ ಹಿತ್ತಲು ಮನೆಯದೇ. ಅಲ್ಲಿ ನುಗ್ಗೆ ಗಿಡದ ಪಕ್ಕ ಮೊಳಕಾಲಾಳದ ಒಂದು ಕುಣಿ, ಕುಣಿಯ ಸುತ್ತ ಹೊಗೆ ಕುಡಿದು ಕಪ್ಪಾದ ಕಲ್ಲು. ಮೂವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಬುಡನಸಾಬನೇ ಅದನ್ನು ತೋಡಿಕೊಟ್ಟಿದ್ದ. ಆಮೇಲೆ ಆ ಓಣಿಯ ಮದುವೆ, ಹಬ್ಬ, ಹೆಸರಿಡುವುದು, ಯಾವುದೂ ಆ ಕುಣಿಯ ಹೊಗೆಯಿಲ್ಲದೆ ಆದದ್ದಿಲ್ಲ.

ಹಾಸಿಗೆ ಹಿಡಿದ ಮೇಲೆ ಬುಡನಸಾಬ ಹೆಂಡತಿಯನ್ನು ಕೇಳಿದ್ದು ಒಂದೇ ಒಂದು. "ನನ್ನ ನಲವತ್ತಕ್ಕ ಅನ್ನಾ-ಬ್ಯಾಳಿ ನೀಡಿ ಮಂದೀನ ಸಾಗಹಾಕಬ್ಯಾಡ. ಕರಿ ಹುಳಿ ಮಾಡು. ನಾ ಹೊಸೆದ ಹಗ್ಗ ಒಂದಿನ ಹರಿದು ಹೋಗತಾವು. ನಿನ್ನ ಹಂಡಿ ಉಂಡವರು ಬುಡನ್ಯಾನ ಹೆಸರ ತಗೀತಾರ."

"ಮಾಡ್ತೀನಿ. ಸುಮ್ನ ಮಲಕ್ಕೋ," ಎಂದಿದ್ದಳು ಇವಳು. ಆ ಮಾತು ಅವಳ ಸೆರಗಿನ ಗಂಟಾಗಿ ನಲವತ್ತು ದಿನ ಕೂತಿತ್ತು.

ಕರಿ ಹುಳಿ ಎಂಬ ಅಡಿಗೆಗೆ ಮೂಲಪುರುಷ ಮರಿಯಮಬಿಯ ತಂದೆ ದಾವೂದಸಾಬ. ಗದಗ ಸ್ಟೇಶನ್ನಿನ ಬಾಜು ರೈಲು ಗಾರ್ಡ್ ಸಾಹೇಬನೊಬ್ಬನ ಬಂಗಲೆಯಲ್ಲಿ ಅವನು ಬಬರ್ಚಿಯಾಗಿದ್ದ. ಸಾಹೇಬನಿಗೆ ದನದ ಮಾಂಸದ ಮೇಲೆ ಮುಂಬಯಿಯಿಂದ ಬರುವ ಬಾಟಲಿಯ ಕಪ್ಪು ಸಾಸೇ ಬೇಕು. ಮಹಾಯುದ್ಧ ಬಂತು, ಬಾಟಲಿ ನಿಂತಿತು. ಸಾಹೇಬ ತಟ್ಟೆ ತಳ್ಳಿ ಎದ್ದು ಹೋಗತೊಡಗಿದ. ದಾವೂದಸಾಬ ಮೂರು ದಿನ ಯೋಚಿಸಿದ. ನಾಲ್ಕನೆಯ ದಿನ ಬೆಲ್ಲವನ್ನು ಬಾಣಲೆಯಲ್ಲಿ ಹಾಕಿ ಕರ್ರಗೆ ಸುಟ್ಟು, ಅದು ಕಹಿಯಾಗುವ ಕ್ಷಣಕ್ಕೆ ಹುಣಸೆ ರಸ ಹೊಯ್ದ. ಕೆಂಡದಲ್ಲಿ ಸಿಪ್ಪೆಸಮೇತ ಸುಟ್ಟ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉರಿಗೆ ಹಿಡಿದು ಕಪ್ಪಾಗಿಸಿದ ಒಣ ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ರುಬ್ಬಿ ಅದಕ್ಕೆ ಸೇರಿಸಿದ. ಸಾಹೇಬ ಉಂಡು, ಬೆರಳು ಚೀಪಿ, "ಬಾಟಲಿ ಎಲ್ಲಿಂದ ತರಿಸಿದೆ?" ಎಂದು ಕೇಳಿದನಂತೆ. ದಾವೂದಸಾಬ ಸಾಯುವವರೆಗೂ ಈ ಕಥೆ ಹೇಳುತ್ತಿದ್ದ. ಮಗಳಿಗೆ ಅವನು ಕಲಿಸಿದ್ದು ಅಡಿಗೆಗಿಂತ ಹೆಚ್ಚಾಗಿ ಬೆಂಕಿ. "ಅವಸರ ಮಾಡಿದ್ರ ಹಂಡಿ ತಳಾ ಹತ್ತತೈತಿ. ತಳಾ ಹತ್ತಿದ್ದನ್ನ ಮುಚ್ಚಾಕ ಯಾವ ಮಸಾಲಿನೂ ಹುಟ್ಟಿಲ್ಲ," ಎನ್ನುತ್ತಿದ್ದ. ಮರಿಯಮಬಿಯ ಹಂಡೆ ಒಮ್ಮೆಯೂ ಸೀದು ತಳ ಹತ್ತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ, ಹೊಲ ಇರಲಿಲ್ಲ, ಮೈಮೇಲೆ ಬಂಗಾರ ಇರಲಿಲ್ಲ. ತನ್ನದು ಎಂದು ತಲೆಯೆತ್ತಿ ಹೇಳಿಕೊಳ್ಳಲು ಇದ್ದದ್ದು ಇದೊಂದೇ.

ಬೆಲ್ಲ ಸುಡುವ ಹೊತ್ತಿಗೆ ಸರಿಯಾಗಿ ಶಂಕ್ರಪ್ಪ ಹಿತ್ತಲ ಬಾಗಿಲಿಗೆ ಬಂದ. ಹೆಗಲ ಮೇಲೆ ಒಂದು ಚೀಲ, ಚೀಲದಲ್ಲಿ ಹಳೆಯ ಹುಣಸೆಹಣ್ಣು.

ಶಂಕ್ರಪ್ಪನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ. ಬುಡನಸಾಬನ ಜೊತೆ ಒಂದೇ ಓಣಿಯ ಧೂಳಿನಲ್ಲಿ ಬೆಳೆದವನು. ಇಬ್ಬರೂ ಸೇರಿ ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದರು. ಒಬ್ಬ ನಾರು ಬಿಟ್ಟುಕೊಟ್ಟರೆ ಇನ್ನೊಬ್ಬ ತಿರುವುತ್ತಿದ್ದ. ಶಂಕ್ರಪ್ಪ ಮಾಂಸ ಮುಟ್ಟಿದವನಲ್ಲ. ಆದರೆ ಕರಿ ಹುಳಿಗೆ ಹುಣಸೆಹಣ್ಣು ಅವನ ಹೊಲದ ಗಿಡದ್ದೇ ಆಗಬೇಕು. ರುಬ್ಬಿದ ಹುಳಿ ಕುದ್ದು ಇಳಿದ ಮೇಲೆ, ಮಾಂಸ ಬೀಳುವ ಮುಂಚೆ, ಒಂದು ಸಣ್ಣ ಮಣ್ಣಿನ ಗಡಿಗೆಗೆ ಅದನ್ನು ಬಗ್ಗಿಸಿ ಬೇರೆ ಇಡುತ್ತಿದ್ದರು. ಅದು ಶಂಕ್ರಪ್ಪನ ಗಡಿಗೆ. ಅವನು ಅದನ್ನು ಜೋಳದ ರೊಟ್ಟಿಗೆ ಹಚ್ಚಿಕೊಂಡು ಎಂಟು ದಿನ ತಿನ್ನುತ್ತಿದ್ದ. ಇನ್ನೊಂದು ವಿಚಿತ್ರವೆಂದರೆ, ಜನ್ಮದಲ್ಲಿ ಒಂದು ತುಂಡು ತಿನ್ನದ ಈ ಮನುಷ್ಯ ಹಂಡೆಯ ಹದವನ್ನು ವಾಸನೆಯಲ್ಲೇ ಹೇಳುತ್ತಿದ್ದ. ಓಣಿಯ ಸಾಬರೇ ಅವನನ್ನು ಕರೆದು ಕೇಳುತ್ತಿದ್ದರು.

"ಬೆಲ್ಲ ಇನ್ನೊಂದೀಟು ಸುಡಬೇಕಿತ್ತಲ್ಲವಾ ತಂಗಿ," ಎಂದ ಶಂಕ್ರಪ್ಪ, ಮೂಗು ಮೇಲೆತ್ತಿ.

"ತಿನ್ನೂದಿಲ್ಲ ಉಣ್ಣೂದಿಲ್ಲ, ಕೊಂಕ ಮಾತ್ರ ತಗೀಬೇಕು ನಿನಗ," ಎಂದಳು ಮರಿಯಮಬಿ. "ಚೀಲ ಅಲ್ಲಿಡು ಅಣ್ಣಾ. ಹಣ್ಣಿನಾಗ ಬೀಜ ಬಿಟ್ಟಿದ್ರ ವಾಪಸ್ ಹೊರಸ್ತೀನಿ ನೋಡು."

"ಸುಶೀಲವ್ವ ಕುಂತು ಒಂದೊಂದ ಬೀಜ ತಗದಾಳ. ಗಂಡ ಅಂತ ನನಗ ಇಷ್ಟ ಮುತುವರ್ಜಿಲೆ ಎಂದೂ ಅಡಿಗಿ ಮಾಡಿಲ್ಲ ಆಕಿ." ಅವನು ಕುಣಿಯ ಬಳಿ ಕುಕ್ಕರಗಾಲಲ್ಲಿ ಕೂತ. ಒಂದು ಕುಳ್ಳು ಮುರಿದು ಬೆಂಕಿಗೆ ಹಾಕಿದ. "ಬುಡನ್ಯಾ ಇದ್ದಿದ್ರ ಇಷ್ಟೊತ್ತಿಗೆ ಕುಳ್ಳು ಹೆಚ್ಚಾದ್ವು, ಜಾಲಿ ಕಟಗಿ ಕಡಿಮ್ಯಾದ್ವು ಅಂತ ನಿನ್ನ ಜೀವಾ ತಿಂತಿದ್ದ."

"ಹೌದು," ಎಂದಳು ಅವಳು. ಬಾಣಲೆಯ ಹೊಗೆ ಕಣ್ಣಿಗೆ ಬಂದದ್ದು ಅವಳಿಗೆ ಅನುಕೂಲವಾಯಿತು.

ಮಾಂಸ ಅಣ್ಣಿಗೇರಿಯ ಇಮಾಮುದ್ದೀನನ ಅಂಗಡಿಯದು. ವಯಸ್ಸಾದ ಎತ್ತು, ದನದ ಡಾಕ್ಟರ ಚೀಟಿ ಇತ್ತು. ಮುದಿ ಎತ್ತಿನ ಮಾಂಸ ಚರ್ಮದ ಪಟ್ಟಿಯ ಹಾಗೆ. ಅವಸರದ ಒಲೆಗೆ ಅದು ಬಗ್ಗುವುದೇ ಇಲ್ಲ. ಜನ್ಮವಿಡೀ ನೊಗ ಎಳೆದ ಸ್ನಾಯು ಅದು. ಮೆತ್ತಗಾಗಲಿಕ್ಕೆ ಅದಕ್ಕೂ ಒಂದಿಷ್ಟು ಮರ್ಯಾದೆಯ ಹೊತ್ತು ಬೇಕು. ಮರಿಯಮಬಿ ರಾತ್ರಿಯೇ ಉಪ್ಪು ಅರಿಸಿನ ಸವರಿ ಇಟ್ಟಿದ್ದ ತುಂಡುಗಳನ್ನು ಕಲಾಯಿ ಹಾಕಿದ ತಾಮ್ರದ ಹಂಡೆಗೆ ಪದರು ಪದರಾಗಿ ಜೋಡಿಸಿದಳು. ಪದರಿಗೊಂದು ಸೌಟು ಕರಿ ಹುಳಿ. ಮೇಲೆ ತಾಮ್ರದ ಮುಚ್ಚಳ, ಸುತ್ತಲೂ ಗೋಧಿ ಹಿಟ್ಟಿನ ಕಣಕದ ಮೆತ್ತಿಗೆ. ಕೆಳಗೆ ಜಾಲಿ ಕಟ್ಟಿಗೆಯ ಕೆಂಡ, ಮುಚ್ಚಳದ ಮೇಲೆ ಸಗಣಿಯ ಕುಳ್ಳಿನ ಕೆಂಡ. ಇನ್ನು ಸಂಜೆಯವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ. ಕುಂದಗೋಳದಿಂದ ಬಂದಿದ್ದ ಮಗಳು ರಜಿಯಾಬಿ "ಅಮ್ಮಾ, ಒಂದ್ಸಲ ತಗದು ನೋಡೂಣು," ಎಂದಾಗ ಮರಿಯಮಬಿ ಅವಳ ಕೈಮೇಲೆ ಮೆಲ್ಲಗೆ ಹೊಡೆದಿದ್ದಳು.

ಮಧ್ಯಾಹ್ನದ ನಮಾಜಾಗಿ ಗಂಡಸರು ಖಬರಸ್ತಾನಕ್ಕೆ ಹೊರಟರು. ಹೆಂಗಸರು ಒಳಗಿನ ಕೋಣೆಯಲ್ಲಿ ಓದಲು ಕುಳಿತರು. ಹಿತ್ತಲಲ್ಲಿ ಯಾರೂ ಇರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಶಂಕ್ರಪ್ಪ ಪದ್ಧತಿಯಂತೆ ಹದ ನೋಡಲು ಬಂದ. ಬಾಗಿಲ ಬಳಿಯೇ ನಿಂತುಬಿಟ್ಟ. ಮೂಗು ಅರಳಿಸಿದ. ಮುಖ ಸಣ್ಣದಾಯಿತು.

"ತಂಗಿ. ಚಿಮಣಿ ಎಣ್ಣಿ ವಾಸನಿ."

"ಒಳಗ ದೀಪಕ್ಕ ಹಾಕಿರಬೇಕು."

"ದೀಪದ್ದಲ್ಲ. ಹಂಡಿದು."

ಮರಿಯಮಬಿ ಕುಣಿಯ ಹತ್ತಿರ ಹೋದಳು. ಮುಚ್ಚಳದ ಮೇಲಿನ ಕೆಂಡ ಒಂದು ಬದಿಗೆ ಚೆಲ್ಲಿದ್ದವು. ಕಣಕ ಒಡೆದಿತ್ತು. ಮುಚ್ಚಳ ಅಡ್ಡ ಕೂತಿತ್ತು. ಎತ್ತಿದಳು. ಹುಳಿಯ ಮೇಲೆ ನೀಲಿ ಬಣ್ಣದ ಪರೆ ತೇಲುತ್ತಿತ್ತು; ಸಂಜೆ ಬಿಸಿಲಿಗೆ ಅದು ಚಂದವಾಗಿಯೂ ಕಾಣುತ್ತಿತ್ತು. ಸೌಟು ಇಳಿಸಿ ತಳ ಮುಟ್ಟಿಸಿ ಒಂದು ತುಂಡು ಎತ್ತಿದಳು. ಎಲುಬು ತಾನಾಗಿಯೇ ಬಿಟ್ಟುಕೊಂಡು ಜಾರಿತು. ಅಷ್ಟು ಚೆನ್ನಾಗಿ ಬೆಂದಿತ್ತು. ಇನ್ನರ್ಧ ತಾಸಿಗೆ ಇಳಿಸಬಹುದಿತ್ತು.

ಅವಳು ಅಳಲಿಲ್ಲ. ಸೌಟನ್ನು ಹಂಡೆಯೊಳಗೆ ತಿರುವಿ ತಳವನ್ನು ನಾಲ್ಕೂ ಕಡೆ ಕೆರೆದು ನೋಡಿದಳು. ಎಲ್ಲೂ ಅಂಟಿರಲಿಲ್ಲ. ಆ ಹೊತ್ತಿನಲ್ಲಿ ಅದನ್ನು ಯಾಕೆ ನೋಡಿದಳೋ ಅವಳಿಗೇ ತಿಳಿಯಲಿಲ್ಲ.

ಶಂಕ್ರಪ್ಪ ಗೋಡೆಗೆ ಒರಗಿ ಕೂತುಬಿಟ್ಟಿದ್ದ. "ಇದು ನನ್ನ ಬಾಯಿಂದ ಆತವ್ವಾ," ಎಂದ.

"ನಿನ್ನ ಬಾಯಿಂದ ಏನಾತು?"

ಅವನು ತಲೆ ತಗ್ಗಿಸಿ ಹೇಳಿದ. ಮಧ್ಯಾಹ್ನ ಚಾದಂಗಡಿಯಲ್ಲಿ ಕೂತಿದ್ದಾಗ ಹೊಗೆಯ ವಾಸನೆ ಅಲ್ಲಿವರೆಗೂ ಬಂತು. ಇವನಿಗೆ ಹೆಮ್ಮೆ ತಡೆಯಲಿಲ್ಲ. ಬುಡನ್ಯಾನ ಹಂಡೆ ಇವತ್ತು ಸಂಜೆಗೆ ಹದ ಬರುತ್ತದೆ, ಇಂಥ ವಾಸನೆ ಹತ್ತು ವರ್ಷದಲ್ಲಿ ಬಂದಿಲ್ಲ ಎಂದ. ಅಲ್ಲಿದ್ದ ಇಬ್ಬರು ಪಡ್ಡೆಗಳು ಈರಪ್ಪನನ್ನು ಕೆಣಕಿದರು. 'ನಿಮ್ಮ ಕೆಂದ್ಯಾನ್ನ ಇಮಾಮುದ್ದೀನ ಹೊಡಕೊಂಡು ಹೋಗೂದು ನಾವು ಸಂತ್ಯಾಗ ಕಣ್ಣಾರೆ ನೋಡೇವಿ. ಹೋಗು, ನಿಮ್ಮ ಎತ್ತ ಕುದಿಯಾಕತ್ತೈತಿ, ಒಂದ್ ತುತ್ತು ಉಂಡ ಬಾ,' ಎಂದರು. ಕೆಂದ್ಯಾ ಎಂದರೆ ಗೌಡರ ಮನೆಯ ಕೆಂಪು ಎತ್ತು. ಈರಪ್ಪ ಹುಡುಗನಾಗಿದ್ದಾಗ ಅದರ ಬೆನ್ನ ಮೇಲೆ ಕೂತೇ ಹಳ್ಳಕ್ಕೆ ಹೋಗುತ್ತಿದ್ದ. ಅದು ಮುದಿಯಾದಾಗ ಮಠಕ್ಕೆ ಬಿಟ್ಟು ಬಂದೆ ಎಂದು ಅವನ ಅಪ್ಪ ಹೇಳಿದ್ದರು. ಮಠದ ಎತ್ತನ್ನು ಸಾಬರು ಕದ್ದು ಕೊಯ್ದಿದ್ದಾರೆ ಎಂದು ಹುಡುಗ ತಿಳಿದ. ಚಾ ಅರ್ಧಕ್ಕೆ ಬಿಟ್ಟು ಎದ್ದು ಹೋದ. ಸುರಿದು ಬಂದು ಅದೇ ಚಾದಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ತಾನೇ ಹೇಳಿದನೆಂದು ಬರುವ ದಾರಿಯಲ್ಲಿ ಯಾರೋ ಅಂದಿದ್ದರು; ಶಂಕ್ರಪ್ಪ ನಂಬಿರಲಿಲ್ಲ.

"ನೀ ವಾಸನಿ ಹೇಳಿದಿ. ಎಣ್ಣಿ ಸುರಿ ಅಂತ ಹೇಳಿಲ್ಲಲ್ಲ," ಎಂದಳು ಮರಿಯಮಬಿ. "ಏಳು. ನಿನ್ನ ಗಡಿಗಿ ಒಳಗೈತಿ, ಅದಕ್ಕೇನೂ ಆಗಿಲ್ಲ. ಒಯ್ಯಿ."

ಶಂಕ್ರಪ್ಪ ಏಳಲಿಲ್ಲ.

ಬಂದ ನೂರು ಮಂದಿಗೆ ಅನ್ನ-ಬೇಳೆ ಬಡಿಸಿದರು. ಯಾರೂ ಏನೂ ಅನ್ನಲಿಲ್ಲ. ಏನೂ ಅನ್ನದೆ ಉಣ್ಣುವ ಜನರನ್ನು ನೋಡುವುದು ಮರಿಯಮಬಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಶಲವಡಿಯಿಂದ ಬಂದ ಮುದುಕನೊಬ್ಬ ಕೈ ತೊಳೆಯುತ್ತ "ಅಲ್ಲಾ ಕಬೂಲ ಮಾಡಲಿ," ಎಂದು, ಅವಳ ಕಡೆ ನೋಡದೆ ಚಪ್ಪಲಿ ಮೆಟ್ಟಿಕೊಂಡ.

ದೀಪ ಹಚ್ಚಲು ಇನ್ನೂ ಹೊತ್ತಿದೆ ಎನ್ನುವಾಗ ಗೌಡರು ಬಂದರು. ಜೊತೆಗೆ ಜಮಾತಿನ ಹಿರಿಯ ಮಹಬೂಬಸಾಬ. ಹಿಂದೆ ಈರಪ್ಪ, ಎಡಗೈಯಲ್ಲಿ ಒಂದು ಹಗ್ಗ, ಹಗ್ಗಕ್ಕೆ ಎರಡು ಕುರಿ. ಬಲ ಅಂಗೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದ. ಕೆಂಡ ಹೊತ್ತ ತಾಮ್ರದ ಮುಚ್ಚಳವನ್ನು ಬರಿಗೈಯಲ್ಲಿ ಎತ್ತಿದ್ದ. ಒಲೆಯ ಮುಂದೆ ಒಂದು ದಿನವೂ ಕೂರದವರು ಮಾತ್ರ ಮಾಡುವ ಕೆಲಸ ಅದು.

ಗೌಡರು ಕೆಟ್ಟವರೆಂದು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಬುಡನಸಾಬನ ಮಣ್ಣಿಗೂ ಬಂದಿದ್ದರು. ಅವರು ಹಿತ್ತಲಲ್ಲಿ ನಿಂತು, ತಲೆಯ ಪಟಗದ ಚುಂಗಿನಿಂದ ಮುಖ ಒರೆಸಿಕೊಂಡರು. ಮರಿಯಮಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಒಳಗೆ ಕೂತಿದ್ದಳು. ಕಾಲ ಬಳಿ ಹಂಡೆ.

"ಮರಿಯಮಬಿ, ಆಗಬಾರದ್ದು ಆಗಿ ಹೋತು. ಹುಡುಗು ಬುದ್ಧಿ," ಎಂದರು ಗೌಡರು. "ಮನ್ಯಾಗ ನಾಕು ಬಾರಿಸೀನಿ. ಇವತ್ತ ಉಂಡಿಲ್ಲ ಅವ."

"ಉಣಸ್ರಿ. ಉಪವಾಸ ಕೆಡವಿ ಏನ್ಮಾಡೂದದ," ಎಂದಳು ಅವಳು. "ಲೇ ಈರಪ್ಪಾ, ಕೈಗೆ ಏನ ಹಚ್ಚೀದಿ?"

ಈರಪ್ಪ ನೆಲ ನೋಡಿದ.

"ರಜಿಯಾ, ಗೋಡಿ ಬುಡಕ ಲೋಳಸರ ಐತಿ ನೋಡು, ಒಂದು ಎಲಿ ಮುರದು ಕೊಡು ಅವಗ. ಬಟ್ಟಿ ಸುತ್ತಿದ್ರ ಬೊಬ್ಬಿ ಕೀವಾಗತೈತಿ."

ರಜಿಯಾಬಿ ಕದಲಲಿಲ್ಲ. ತಾಯಿ ಮತ್ತೊಮ್ಮೆ ನೋಡಿದಾಗ ಎದ್ದು, ಎಲೆ ಮುರಿದು, ಈರಪ್ಪನ ಕಾಲ ಹತ್ತಿರ ನೆಲದ ಮೇಲೆ ಇಟ್ಟು ಬಂದಳು.

ಗೌಡರಿಗೆ ಇದರಿಂದ ಧೈರ್ಯ ಬಂತು. "ನಿನ್ನ ಮನಸ ದೊಡ್ಡದು. ನೋಡು, ಎರಡು ಕುರಿ ತಂದೀನಿ. ಅಗದಿ ಕೊಬ್ಬಿದ್ದು. ನಾಳೆ ಕೊಯ್ದು ಬುಡನಸಾಬನ ಹೆಸರ್ಲೆ ಅಡಿಗಿ ಮಾಡ್ರಿ, ಬಂದ ಬೀಗರಿಗೆ ಉಣ್ಣಾಕ ನೀಡ್ರಿ. ಅಕ್ಕಿ, ಎಣ್ಣಿ ನಮ್ಮ ಮನಿಯಿಂದ ಬರತಾವು. ಕುರಿ ಅಂದ್ರ ಯಾರೂ ಏನೂ ಅನ್ನೂದಿಲ್ಲ. ಇನ್ನ ಮುಂದ ದೊಡ್ಡದ್ದರ ಮಾಂಸ ಮಾಡೂದಿದ್ರ ಹಂಡಿ ಊರ ಹೊರಗ, ಹಳ್ಳದ ದಂಡಿಗೆ ಇಟ್ಕೋರಿ. ಊರಾಗ ಬ್ಯಾಡ."

"ನಾ ಇದ್ದತ್ತಿನಾಕಿ. ಹೊಸ್ತಿಲ ದಾಟಂಗಿಲ್ಲರಿ."

"ನೀ ಯಾಕ ಹೋಗತಿ, ಬ್ಯಾರೆ ಯಾರರ ಬೇಯಸ್ತಾರ."

ಮಹಬೂಬಸಾಬ ಗಂಟಲು ಸರಿಮಾಡಿಕೊಂಡ. ಅವನು ಕೆಟ್ಟ ಮುದುಕನಲ್ಲ. ಊರ ಸಾಬರ ಹದಿನೆಂಟು ಮನೆಯ ಭಾರ ಹೊತ್ತು ಹೊತ್ತು ಬೆನ್ನು ತಾನಾಗಿಯೇ ಬಗ್ಗಿತ್ತು. "ತಗೋ ಬೇಟಿ. ಗೌಡ್ರು ತಾವಾಗಿ ಬಂದಾರ, ಸಣ್ಣ ಮಾತಲ್ಲ. ಬಗ್ಗಿ ನಡದವರಿಗೆ ಬಾಗ್ಲ ಬಡಿಯಂಗಿಲ್ಲ."

"ಕಾಕಾ, ಬಾಗ್ಲಾ ಗಿಡ್ಡ ಮಾಡಿದವರು ಯಾರು ಅಂತ ಕೇಳೂದು ಬ್ಯಾಡೇನು?"

ಗೋಡೆಗೊರಗಿದ್ದ ಶಂಕ್ರಪ್ಪ ಮೆಲ್ಲಗೆ ಎದ್ದು ನಿಂತ.

"ಇನ್ನೊಂದು ಮಾತು," ಎಂದರು ಗೌಡರು. ದನಿ ಸ್ವಲ್ಪ ಇಳಿಯಿತು. "ಹುಡುಗಗ ನೌಕರಿ ಅರ್ಜಿ ಹಾಕೀನಿ. ಫೌಜದಾರ, ಪಂಚನಾಮಾ ಎಲ್ಲಾ ಬ್ಯಾಡ. ನಾಳೆ ಯಾರರ ಕೇಳಿದ್ರ, ಹಂಡಿ ತಳಾ ಹತ್ತಿತ್ತು, ಅದಕ್ಕ ಚೆಲ್ಲಿದ್ವಿ ಅನ್ನು. ಅಷ್ಟ. ಅಡಿಗಿ ಅಂದಮ್ಯಾಲ ತಳಾ ಹತ್ತೂದು ಇದ್ದದ್ದ."

ಮರಿಯಮಬಿಯ ಕೈ ಹಂಡೆಯ ಅಂಚಿನ ಮೇಲಿತ್ತು. ಅಲ್ಲೇ ನಿಂತಿತು.

ಅಷ್ಟರಲ್ಲಿ ಒಂದು ಕುರಿ ಮುಂದೆ ಜಗ್ಗಿತು. ಒಂದೇ ಕೈಯಲ್ಲಿ ಹಿಡಿದಿದ್ದ ಈರಪ್ಪನ ಹಿಡಿತ ತಪ್ಪಿ, ಹಗ್ಗದ ತುದಿ ಧೂಳಿನಲ್ಲಿ ಎಳೆಯುತ್ತ ಬಾಗಿಲವರೆಗೆ ಬಂತು. ಮರಿಯಮಬಿ ಕುರಿಯನ್ನು ತಡೆಯಲೆಂದು ಆ ತುದಿ ಹಿಡಿದಳು. ಹಿಡಿದವಳು ಬಿಡಲಿಲ್ಲ.

ತುದಿಯಲ್ಲಿ ಒಂದು ಗೇಣು ಕೆಂಪು ಬಟ್ಟೆಯ ಪಟ್ಟಿ ನಾರಿನ ಜೊತೆ ಹೊಸೆದುಕೊಂಡಿತ್ತು. ಮಾಸಿತ್ತು, ಆದರೂ ಕೆಂಪೇ. ಅವಳ ಮದುವೆಯ ಸೀರೆ ಹರಿದಾಗ ಅದರ ಅಂಚನ್ನು ಬುಡನಸಾಬ ಪಟ್ಟಿ ಪಟ್ಟಿ ಸೀಳಿ ಇಟ್ಟುಕೊಂಡಿದ್ದ. ಒಳ್ಳೆಯ ಎತ್ತಿಗೆ ಹೊಸೆದ ಹಗ್ಗಕ್ಕೆ ಮಾತ್ರ ತುದಿಯಲ್ಲಿ ಆ ಪಟ್ಟಿ ಸೇರಿಸುತ್ತಿದ್ದ. ಅದು ಅವನ ಸಹಿ. ಅವನ ಹೆಬ್ಬೆರಳು ಒತ್ತಿ ಒತ್ತಿ ನಯವಾದ ಗಂಟನ್ನು ಮರಿಯಮಬಿ ತನ್ನ ಹೆಬ್ಬೆರಳಿನಿಂದ ಮುಟ್ಟಿದಳು. ನಲವತ್ತು ದಿನದ ಮೇಲೆ ಗಂಡನ ಕೈ ಹಿಡಿದ ಹಾಗಾಯಿತು. ಸ್ವಲ್ಪ ಹೊತ್ತು ಅವಳಿಗೆ ಗೌಡರೂ ಕುರಿಯೂ ಕಾಣಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ಹಗ್ಗ ಹೊಸೆಯುತ್ತ ಬುಡನಸಾಬ ಹೇಳುತ್ತಿದ್ದದ್ದು: 'ಸಂತಿಗೆ ಹೋದವನ ಮಾರೀ ನೋಡಬ್ಯಾಡ, ಹೆಗಲ ನೋಡು. ಹೂಡಾಕ ಕೊಟ್ಟವ ಎತ್ತಿನ ಸಂಗಾಟ ಹಗ್ಗಾನೂ ಕೊಡತಾನ. ದೇವರಿಗೆ, ಮಠಕ್ಕ ಬಿಟ್ಟವ ಹಗ್ಗಾ, ಗಂಟಿ, ಬೆನ್ನ ಮ್ಯಾಲಿನ ಜೂಲಾ ಸಹಿತ ಬಿಡತಾನ. ಕೊಯ್ಯಾಕ ಕೊಟ್ಟವ ಮಾತ್ರ ಹಗ್ಗಾ ಬಿಚ್ಚಿ ಹೆಗಲಿಗೆ ಹಾಕ್ಕೊಂಡು ಬರತಾನ.' ಹಗ್ಗ ಮನೆಯಲ್ಲಿ ಉಳಿದರೆ ದನದ ಲಕ್ಷ್ಮಿ ಮನೆಯಲ್ಲೇ ಉಳಿಯುತ್ತಾಳೆ ಎಂಬ ನಂಬಿಕೆ ಅದು. ಅಣ್ಣಿಗೇರಿ ಸಂತೆಯಿಂದ ಬರಿ ಹಗ್ಗ ಹೊತ್ತು ಬಂದವನನ್ನು ದಾರಿಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುತ್ತಿತ್ತು. ಎಲ್ಲರ ಮನೆಯ ಗೂಟಕ್ಕೂ ಅಂಥ ಒಂದು ಹಗ್ಗ ಇರುತ್ತಿತ್ತು.

"ಗೌಡ್ರ," ಎಂದಳು ಮರಿಯಮಬಿ, "ಈ ಹಗ್ಗ ಯಾರು ತಂದ್ರಿ?"

"ಯಾಕ? ನಾನ ಗೂಟದ ಮ್ಯಾಲಿಂದ ಎಳಕೊಂಡ್ ಬಂದೆ. ಅವಸರದಾಗ ಕೈಗೆ ಸಿಕ್ಕದ್ದು."

"ನಮ್ಮವರು ಹೊಸೆದದ್ದರಿ. ತುದಿಗೆ ನನ್ನ ಸೀರಿ ಅಂಚು ಐತಿ." ಅವಳು ಇನ್ನೇನೂ ಸೇರಿಸಲಿಲ್ಲ. ಸೇರಿಸುವ ಮನಸ್ಸೂ ಇರಲಿಲ್ಲ. ಆದರೆ ಹಗ್ಗದ ತುದಿ ಮೇಲೆ ಎತ್ತಿ ಹಿಡಿದಿದ್ದಳು.

ಈರಪ್ಪ ಹತ್ತಿರ ಬಂದ. ಬಾಗಿ ನೋಡಿದ. ಆ ಕೆಂಪು ತುದಿಯನ್ನು ಹಿಡಿದುಕೊಂಡೇ ಅವನು ಸಣ್ಣವನಿದ್ದಾಗ ಹಳ್ಳದ ದಾರಿಗೆ ಇಳಿಯುತ್ತ ಇದ್ದದ್ದು.

"ಇದು ಕೆಂದ್ಯಾನ ಹಗ್ಗ," ಎಂದ.

ಕುರಿಯೊಂದು ನುಗ್ಗೆ ಎಲೆಗೆ ಬಾಯಿ ಹಾಕಿತು.

"ಅಪ್ಪಾ, ಕೆಂದ್ಯಾನ್ನ ಮಠಕ್ಕ ಬಿಟ್ಟು ಬಂದೆ ಅಂದಿದ್ರಿ. ಹಗ್ಗದ ಸಂಗಾಟ ಬಿಟ್ಟೆ, ಸ್ವಾಮಿಗಳು ಮೈ ಸವರಿದ್ರು ಅಂದಿದ್ರಿ."

"ಹಗ್ಗ ಎಲ್ಲಾ ಒಂದ ನಮೂನಿ ಇರತಾವು. ಸುಮ್ನಿರು," ಎಂದರು ಗೌಡರು. ಆದರೆ ಕಣ್ಣು ಹಗ್ಗದ ಮೇಲಿರಲಿಲ್ಲ, ಮಗನ ಮೇಲೂ ಇರಲಿಲ್ಲ, ಗೋಡೆಯ ಮೇಲಿತ್ತು.

"ಒಂದ ನಮೂನಿ ಇರೂದಿಲ್ಲರಿ ಗೌಡ್ರ," ಎಂದ ಶಂಕ್ರಪ್ಪ. ಗೌಡರು ಬಂದ ಮೇಲೆ ಅವನು ಆಡಿದ ಮೊದಲ ಮಾತು ಅದು. "ಈ ಹಗ್ಗಕ್ಕ ನಾರು ಬಿಟ್ಟುಕೊಟ್ಟವ ನಾನು. ಬುಡನ್ಯಾ ತಿರುವಿದ. ನಿಮ್ಮ ಕಟ್ಟಿ ಮ್ಯಾಲ ಕುಂತ ಹೊಸೆದೇವಿ."

ಈರಪ್ಪ ಹಂಡೆಯ ಕಡೆ ನೋಡಿದ. ಆಮೇಲೆ ಬಟ್ಟೆ ಸುತ್ತಿದ ತನ್ನ ಅಂಗೈ ನೋಡಿಕೊಂಡ. ಇಪ್ಪತ್ತೆರಡು ವರ್ಷದ ಗಂಡಸು, ಹುಡುಗನ ಹಾಗೆ ಕಂಡ. ಮರಿಯಮಬಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎತ್ತು ಹೋದದ್ದಕ್ಕೆ ಅತ್ತವನು ಈ ಊರಲ್ಲಿ ಇವನೊಬ್ಬನೇ ಇರಬೇಕು ಎನಿಸಿತು.

"ಈರಪ್ಪಾ, ಇಲ್ಲಿ ಕೇಳು," ಎಂದಳು. "ಈ ಹಂಡ್ಯಾಗ ಇದ್ದದ್ದು ನಿಮ್ಮ ಕೆಂದ್ಯಾನೋ ಬ್ಯಾರೆಯವರ ಎತ್ತೋ ನನಗ ಗೊತ್ತಿಲ್ಲ. ಇಮಾಮುದ್ದೀನಗೂ ನೆನಪಿರಂಗಿಲ್ಲ. ಸಂತ್ಯಾಗ ಒಂದ ದಿನ ಅವ ನಾಕು ಎತ್ತು ತಗೋತಾನ. ನಾಕೂ ಮಂದಿ ಹಗ್ಗಾ ಬಿಚ್ಕೊಂಡು ಮನಿಗೆ ಹೋಗತಾರ. ಕದ್ದು ತಂದದ್ದಲ್ಲ ಅಂತ ಮಾತ್ರ ತಿಳಕೋ. ನಿನ್ನ ಎತ್ತ ಆಗಿದ್ರ, ಅದನ್ನ ನಾ ಎಂಟು ತಾಸು ಮೆತ್ತಗ ನೋಡಿಕೊಂಡೀನಿ. ಅದರ ಮುಂದ ಅಷ್ಟು ಹೊತ್ತು ಯಾರೂ ಕುಂತಿರಲಿಲ್ಲ."

ಈರಪ್ಪ ಕಾಲ ಹತ್ತಿರದ ಲೋಳಸರದ ಎಲೆ ಎತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತ.

ಗೌಡರ ಮುಖ ಬಿಗಿಯಿತು. ತಪ್ಪು ಒಪ್ಪಿಕೊಳ್ಳಲು ಬಂದವರು ಹೋಗಿ ಮತ್ತೆ ಗೌಡರಾದರು. "ಹಗ್ಗದ ಪುರಾಣ ಸಾಕು. ಮಹಬೂಬಸಾಬ, ನೀವ ಹೇಳ್ರಿ ಆಕಿಗೆ. ಕುರಿ ಒಳಗ ಕಟ್ಟಲಿ. ನಾ ಹೇಳಿದ್ದು ಮೂರು ಮಾತು, ಮೂರಕ್ಕೂ ಹೂಂ ಅನ್ನಲಿ. ಊರಾಗ ಬಾಳೇವು ಮಾಡೂ ಮಂದಿಗೆ ಇಷ್ಟ ತಿಳೀಬೇಕು."

"ಹೂಂ ಅನ್ನು ಬೇಟಿ," ಎಂದ ಮಹಬೂಬಸಾಬ. ಅವನ ದನಿಯಲ್ಲಿ ಬೇಡಿಕೆಯಿತ್ತು. "ಹದಿನೆಂಟು ಮನಿ ಐತಿ. ಒಂದು ಮಾತು. ತಳಾ ಹತ್ತಿತ್ತು ಅಂದ್ರ ನಿನ್ನ ಗಂಟೇನ ಹೋಗತೈತಿ?"

ಮರಿಯಮಬಿ ಎದ್ದಳು. ಹಗ್ಗದ ಕೆಂಪು ತುದಿಯನ್ನು ಕುರಿಗಳ ಕೊರಳ ಕಡೆಗೆ ಮಡಚಿ, ಗೌಡರ ಕೈಗೆ ಕೊಟ್ಟಳು. ಅವರು ಏನೆಂದು ತಿಳಿಯುವ ಮೊದಲೇ ಹಿಡಿದುಕೊಂಡಿದ್ದರು.

"ಕುರಿ ನಿಮ್ಮವು, ಹೊಡಕೊಂಡು ಹೋಗ್ರಿ. ಕುರಿ ತಗೊಂಡ್ರ ನಾ ಮಾಡಿದ್ದು ತಪ್ಪು ಅಂದಂಗ ಆತು. ನಾಳೆ ಮತ್ತ ಇದ ಕುಣ್ಯಾಗ, ಇದ ಹಂಡ್ಯಾಗ ಕರಿ ಹುಳಿ ಮಾಡ್ತೀನಿ. ಸತ್ತವಗ ಮಾತು ಕೊಟ್ಟೀನಿ. ಶಂಕ್ರಪ್ಪಣ್ಣಾ, ಹುಣಸಿಹಣ್ಣು ಇನ್ನೂ ಐತೇನು?"

"ಮನ್ಯಾಗ ಚೀಲ ತುಂಬ ಐತವ್ವಾ," ಎಂದ ಶಂಕ್ರಪ್ಪ. "ಬೆಳಗಾಗೂದ್ರಾಗ ತರ್ತೀನಿ. ಹಿತ್ತಲಾಗ ನಾನ ಕುಂಡರ್ತೀನಿ, ಹಂಡಿ ಇಳಿಸೂತನಕ."

"ಶಂಕ್ರಪ್ಪ," ಎಂದರು ಗೌಡರು.

ಶಂಕ್ರಪ್ಪ ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ತನ್ನ ಮಣ್ಣಿನ ಗಡಿಗೆ ತಂದು ಎದೆಗೆ ಒತ್ತಿ ಹಿಡಿದು ನಿಂತ.

ಗೌಡರು ಮರಿಯಮಬಿಯ ಕಡೆ ತಿರುಗಿದರು. "ಅದೆಲ್ಲಾ ನಾಳಿನ ಮಾತು, ನೋಡೂಣು. ಇವತ್ತಿಂದು ಹೇಳು. ನಾ ಹೋಗೂದ್ರಾಗ ನಿನ್ನ ಬಾಯಿಂದ ಕೇಳಬೇಕು. ಹಂಡಿ ತಳಾ ಹತ್ತಿತ್ತು. ಅನ್ನು."

ಮರಿಯಮಬಿ ಹಂಡೆಯನ್ನು ಕುಣಿಯ ಬಳಿಗೆ ಎಳೆದೊಯ್ದು ಕೂತಳು. ಚಿಮಣಿ ಎಣ್ಣೆಯ ಹುಳಿಯನ್ನೂ ಮಾಂಸವನ್ನೂ ಕುಣಿಯ ಬದಿಯ ತಗ್ಗಿಗೆ ಬಗ್ಗಿಸಿದಳು. ಎರಡು ಹಿಡಿ ಬೂದಿ ಹಾಕಿ, ತೆಂಗಿನ ನಾರಿನಿಂದ ಹಂಡೆಯ ಒಳಗೆ ತಿಕ್ಕಿ, ನೀರು ಹೊಯ್ದು ಗಲಬರಿಸಿದಳು. ಆಮೇಲೆ ಹಂಡೆಯನ್ನು ಗೌಡರ ಕಡೆಗೆ, ಮಹಬೂಬಸಾಬನ ಕಡೆಗೆ, ಗೋಡೆಯ ಬಳಿ ಕೂತ ಈರಪ್ಪನ ಕಡೆಗೆ ಬಗ್ಗಿಸಿ ಹಿಡಿದಳು. ಇಳಿಬೆಳಕಿನಲ್ಲಿ ತಳದ ಕಲಾಯಿ ಬೆಳ್ಳಗೆ, ಒಂದು ಕಲೆಯಿಲ್ಲದೆ ಕಂಡಿತು.

"ನನ್ನ ಹಂಡಿ ತಳಾ ಹತ್ತಿಲ್ಲರಿ," ಎಂದಳು. "ಹತ್ತಿತ್ತು ಅಂತ ನಾ ಹೇಳಂಗಿಲ್ಲ."